ಮಕ್ತುಮಸಾಬರು ಬರೆದ ಪಂಚರ ಕಾಗದ

ಬೆಟಗೇರಿಯ ಅಝೀಮನಿಗೆ ಮುಂಬೈಯಿಂದ ನೋಟೀಸು ಬಂದಿದೆ. ಅವನಿಗೆ ಹೊಸ ಮಗ್ಗ ಮಾರಿದ ಕಂಪನಿಯ ಜೊತೆ ತಕರಾರು. ಮಗ್ಗ ಬಂದಾಗಿನಿಂದ ಸೀರೆಯ ದಡಿ ಹರಿಯುತ್ತಿದೆ ಎಂದು ಇವನು, ನಿನ್ನ ನೂಲೇ ಕೆಟ್ಟದ್ದು ಎಂದು ಅವರು. ತೀರ್ಮಾನ ಮಾಡುವ ಮಧ್ಯಸ್ಥಗಾರನನ್ನು ಆರಿಸಿದ್ದು ಕಂಪನಿ. ವಿಚಾರಣೆಗೆ ಕೂಡ್ರುವ ಊರು ಆರಿಸಿದ್ದೂ ಕಂಪನಿ. ಇದಕ್ಕೆಲ್ಲ ಅಝೀಮ ಮೊದಲೇ ಒಪ್ಪಿದ್ದಾನಂತೆ, ಸಹಿ ಇದೆಯಂತೆ. ಇದನ್ನು ನ್ಯಾಯ ಎಂದು ಕರೆಯಲು ಎಂಥ ನಾಲಿಗೆ ಬೇಕು? ಆ ನೋಟೀಸು ಓದಿದಾಗಿನಿಂದ, ಕಾಗದ ಬರೆಯುವುದನ್ನು ಮಕ್ತುಮಸಾಬರ ಕೈಕೆಳಗೇ ಕಲಿತ ನನಗೆ ಅವರದೇ ನೆನಪು.

ಯಳವತ್ತಿಯಿಂದ ಬಂದು ವಕೀಲರೊಬ್ಬರ ಮನೆಯಲ್ಲಿ ಕಾರಕೂನಿಕೆ ಮಾಡುತ್ತ ಬರವಣಿಗೆ ಕಲಿತವರು ಅವರು. ಗದಗಿನಲ್ಲಿ ಮುಚ್ಚಿಹೋದ ಒಂದು ಛಾಪಖಾನೆಯ ಕಟ್ಟೆಯೇ ಅವರ ಕಚೇರಿ. ಲಕ್ಷ್ಮೇಶ್ವರದ ಎಣ್ಣೆ ವ್ಯಾಪಾರಿ, ಶಿರಹಟ್ಟಿಯ ಶೇಂಗಾ ದಲಾಲಿ, ಮುಂಡರಗಿಯ ಕಟ್ಟಿಗೆ ಅಡ್ಡೆಯವರು, ಯಾರ ಪಾಲುದಾರಿಕೆ ಕೆಟ್ಟರೂ ಕೋರ್ಟಿಗಿಂತ ಮೊದಲು ಈ ಕಟ್ಟೆ. ಪಂಚರನ್ನು ಒಪ್ಪಿಕೊಳ್ಳುವ ಕರಾರು, ಎರಡೂ ಕಡೆಯ ಹೇಳಿಕೆ, ಕೊನೆಗೆ ಪಂಚರ ತೀರ್ಪು, ಎಲ್ಲ ಅವರದೇ ಕೈಬರಹ. ಕೆಲಸ ಮುಗಿಯುವತನಕ ಯಾವ ಕಡೆಯವರ ಚಹಾವನ್ನೂ ಮುಟ್ಟುತ್ತಿರಲಿಲ್ಲ. ಹೇಳಿಕೆಯಲ್ಲಿ ಯಾರಾದರೂ ‘ಕಳ್ಳ’, ‘ಲಫಂಗ’ ಎಂದು ಬರೆಸಹೋದರೆ ಲೇಖನಿ ಕೆಳಗಿಟ್ಟು, “ಬೈಗುಳಕ್ಕ ಬ್ಯಾರೆ ಕಾಗದ ತಗೊಂಬಾರಪಾ, ಇದರಾಗ ಜಾಗಾ ಇಲ್ಲ” ಎನ್ನುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಸಹಿಗೆ ಮೊದಲು ಪ್ರತಿಯೊಬ್ಬರೂ ಎದುರಿನವರ ಹೇಳಿಕೆಯನ್ನು ತಮ್ಮ ಬಾಯಿಂದ ಗಟ್ಟಿಯಾಗಿ ಓದಬೇಕು. ಓದು ಬಾರದವರು ಮಕ್ತುಮಸಾಬರು ಓದಿದ್ದನ್ನು ಅವರ ಹಿಂದೆ ಹೇಳಬೇಕು. ಕಾಗದದಲ್ಲಿ ‘ನನ್ನದು’ ಎಂದಿದ್ದಲ್ಲಿ ‘ಅವರದು’ ಎನ್ನದೆ ‘ನನ್ನದು’ ಎಂದೇ ಓದಬೇಕು.

ಗದಗ ಹೊಸ ಜಿಲ್ಲೆಯಾದ ಮರುವರ್ಷದ ಮಾತು. ಅಝೀಮನ ತಂದೆ ಕುತುಬುದ್ದೀನ ಮತ್ತು ಅವರ ಗೆಳೆಯನೊಬ್ಬ ಕೂಡಿ ಬೆಟಗೇರಿಯಲ್ಲಿ ಮಗ್ಗದ ಶೆಡ್ಡು ಹಾಕಿದ್ದರು. ಗೆಳೆಯ ತೀರಿಕೊಂಡ. ಪಾಲುದಾರ ಹೋದ ಮೇಲೆ ಪಾಲೂ ಹೋಯಿತೆಂದು ಕುತುಬುದ್ದೀನ ಬೀಗ ಬದಲಿಸಿದರು. ಗೆಳೆಯನ ಹೆಂಡತಿ ನೀಲಗಂಗವ್ವನಿಗೆ ನೇಯ್ಗೆ ಬಿಟ್ಟರೆ ಬೇರೆ ದಾರಿಯಿಲ್ಲ. ತನ್ನ ಪಾಲಿನ ಮಗ್ಗ ತನಗೆ ಬೇಕೆಂದು ಆಕೆ ಕಟ್ಟೆಗೆ ಬಂದಳು.

ಮಕ್ತುಮಸಾಬರು ರೂಢಿಯಂತೆ ಆ ಕಡೆಯಿಂದ ಇಬ್ಬರು, ಈ ಕಡೆಯಿಂದ ಇಬ್ಬರು ಹಿರಿಯರನ್ನು ಹಾಕಿ ಕರಾರು ಬರೆದರು. ನಾಲ್ವರೂ ಒಂದು ಮಾತಿಗೆ ಬರುವತನಕ ಏಳಬಾರದು, ಅದೇ ಇಲ್ಲಿಯ ಕ್ರಮ. ಆದರೆ ಆಗಷ್ಟೇ ಬಂದಿದ್ದ ಹೊಸ ಕಾಯ್ದೆ ಮಧ್ಯಸ್ಥರ ಸಂಖ್ಯೆ ಬೆಸ ಇರಬೇಕು ಎನ್ನುತ್ತಿತ್ತು. ಕುತುಬುದ್ದೀನರ ವಕೀಲರು ಅದನ್ನೇ ಹಿಡಿದರು: ಈ ಕರಾರು ನಿಲ್ಲುವುದಿಲ್ಲ, ಹೋಗಬೇಡಿ. ಬೀಗ ಹಾಗೇ ಉಳಿಯಿತು.

ಮಕ್ತುಮಸಾಬರು ತಾವೇ ಕುತುಬುದ್ದೀನರ ಮನೆಗೆ ಹೋದರು.

“ತಪ್ಪು ನಂದೈತಿ, ಕುತುಬು. ನಾಳೆ ಕಟ್ಟಿಗೆ ಬಾ. ಆಕಿ ಹೇಳಿಕಿ ಒಂದ್ಸಲ ಓದು. ಆಮ್ಯಾಲೂ ಬ್ಯಾಡಂದ್ರ ಕಾಗದ ಹರದು ನಿನ್ನ ಕೈಯಾಗ ಕೊಡ್ತೀನಿ.”

ಮರುದಿನ ಕುತುಬುದ್ದೀನ ಕಟ್ಟೆಯ ಮೇಲೆ ಕೂತು ಓದತೊಡಗಿದರು. “ನನ್ನ ಗಂಡ ಮತ್ತು ಕುತುಬುದ್ದೀನಣ್ಣ ಕೂಡಿ ಶೆಡ್ಡಿನ ಪಾಯ ತೋಡಿದರು. ನನ್ನ ಗಂಡನನ್ನು ಮಣ್ಣು ಮಾಡಿದ ದಿನ ಅಣ್ಣ ನಮ್ಮ ಮನೆಯ ಬಾಗಿಲಲ್ಲಿ ಕೂತು ಅತ್ತ. ಕ್ರಿಯೆ ಮುಗಿಸಿ ನಾನು ಶೆಡ್ಡಿಗೆ ಹೋದಾಗ...” ಅಲ್ಲಿಗೆ ಓದು ನಿಲ್ಲಿಸಿದರು.

“ಇದನ್ನೂ ನಾನ ಓದಬೇಕೇನ್ರಿ?”

“ಬೀಗ ನಿಂದ ಐತೆಲ್ಲ. ನೀನ ಓದು.”

“ಶೆಡ್ಡಿಗೆ ಹೋದಾಗ ಬೀಗ ಬೇರೆ ಇತ್ತು” ಎಂದು ಓದಿ ಮುಗಿಸುವಷ್ಟರಲ್ಲಿ ಅವರ ದನಿ ಇಳಿದುಹೋಗಿತ್ತು. ಕಾಗದವನ್ನು ಹರಿಯಲು ಹೇಳದೆ ಮಕ್ತುಮಸಾಬರ ಮುಂದಿಟ್ಟರು. ಆಮೇಲೆ, “ಐದನೇದವರು ಯಾರು ಅಂತ ಆಕಿನ ಹೇಳ್ಲಿ” ಎಂದರು.

ನೀಲಗಂಗವ್ವ ತಡಮಾಡಲಿಲ್ಲ. “ತಿಪ್ಪವ್ವ.”

ತಿಪ್ಪವ್ವ ಆ ಶೆಡ್ಡಿನಲ್ಲಿ ಮೊದಲ ದಿನದಿಂದ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಿದವಳು. ಎರಡೂ ಮನೆಯ ರೊಟ್ಟಿ ತಿಂದವಳು.

“ಆಕಿ ನನಗ ದಿನಾ ಬೈತಾಳ” ಎಂದರು ಕುತುಬುದ್ದೀನ.

“ನನಗೇನು ಪೂಜಿ ಮಾಡ್ತಾಳೇನಣ್ಣ?”

ನಾಲ್ವರು ಹಿರಿಯರಿಗೆ ಸಿಟ್ಟು ಬಂತು. ಕಂಡಿಕೆ ಸುತ್ತೂ ಹೆಣ್ಣಮಗಳು ನಮ್ಮ ಸಾಲಿನ್ಯಾಗ ಕುಂಡ್ರೂದ, ಎಂದರು. ಮಕ್ತುಮಸಾಬರು ಮಸಿ ತುಂಬುತ್ತ, “ಕಾಯ್ದೆ ಎಷ್ಟು ಮಂದಿ ಅಂತ ಹೇಳೇತಿ. ಯಾರ ಮನಿಯವರು ಅಂತ ಹೇಳಿಲ್ರಿ. ಸರ್ಕೊಂಡು ಕುಂಡ್ರಿ” ಎಂದರು. ಊರಿನ ದೊಡ್ಡವರು ಒಬ್ಬ ಕೂಲಿ ಹೆಂಗಸಿಗಾಗಿ ಚಾಪೆಯ ಮೇಲೆ ಸರಿದದ್ದನ್ನು ನಾನು ಆಮೇಲೆ ಮತ್ತೆ ಕಂಡಿಲ್ಲ.

ಹೊಸ ಕರಾರಿಗೆ ಎಲ್ಲರ ಸಹಿ ಬಿತ್ತು, ತಿಪ್ಪವ್ವನ ಹೆಬ್ಬೆಟ್ಟೂ. ನಿರೀಕ್ಷಿಸಿದಂತೆ ಹಿರಿಯರಲ್ಲಿ ಇಬ್ಬರು ಅತ್ತ, ಇಬ್ಬರು ಇತ್ತ. ಕೊನೆಗೆ ತಿಪ್ಪವ್ವನನ್ನು ಕೇಳಿದರು.

“ಮಗ್ಗ ಅರ್ಧ ಅರ್ಧ ಮಾಡ್ರಿ. ನಡುವ ಗ್ವಾಡಿ ಮಾತ್ರ ಕಟ್ಟಬ್ಯಾಡ್ರಿ. ಬಾಗಿಲ ಒಂದ ಇರ್ಲಿ, ಕೀಲಿ ಎರಡಿರ್ಲಿ. ನಾ ಎರಡು ಬಾಗಿಲಿಗೆ ಅಡ್ಡ್ಯಾಡಾಕ ಒಲ್ಲೆ.”

ಹಿರಿಯರೂ ಒಪ್ಪಿದ ಮೇಲೆ ಮಕ್ತುಮಸಾಬರು ಅದನ್ನೇ ತೀರ್ಪಾಗಿ ಬರೆದರು, ಕೊನೆಯ ವಾಕ್ಯ ಒಂದನ್ನು ಬಿಟ್ಟು. ಅಂದು ಕುತುಬುದ್ದೀನ ತರಿಸಿದ ಚಹಾ ಕುಡಿದರು, ನೀಲಗಂಗವ್ವ ತರಿಸಿದ್ದನ್ನೂ ಕುಡಿದರು.

ಈಗ ಕಟ್ಟೆ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಮಕ್ತುಮಸಾಬರೂ ಇಲ್ಲ, ಕುತುಬುದ್ದೀನರೂ ಇಲ್ಲ. ಶೆಡ್ಡು ಇದೆ, ಅದೇ ಒಂದು ಬಾಗಿಲು. ಅಝೀಮನ ನೋಟೀಸು ನಾನು ಓದಿದ್ದು ಅಲ್ಲಿಯೇ. ಅವನ ಕರಾರಿನಲ್ಲಿ ಮಧ್ಯಸ್ಥಗಾರ ಒಬ್ಬನೇ, ಕಂಪನಿ ಹೇಳಿದವನು. ಒಂದು ಬೆಸ ಸಂಖ್ಯೆಯೇ, ಸಂಖ್ಯೆಯ ಮಟ್ಟಿಗೆ ಕಾಯ್ದೆಗೆ ಸಮಾಧಾನ. ಈ ಮನುಷ್ಯನಿಗೆ ನನ್ನ ಒಪ್ಪಿಗೆಯಿಲ್ಲ ಎಂದು ಅಝೀಮನ ಪರವಾಗಿ ಉತ್ತರ ಬರೆಯಲು ಕೂತೆ.

ನೀಲಗಂಗವ್ವ ತನ್ನ ಮಗ್ಗ ನಿಲ್ಲಿಸಿ ಬಂದು ಅಝೀಮನನ್ನು ಕೇಳಿದಳು. “ಸಹಿ ಮಾಡೂ ಮುಂದ ಅವರ ಮಾತು ನೀ ಬಾಯಿಲೆ ಓದಿದ್ಯೇನಲೇ?”

“ಇಂಗ್ಲೀಷ ಇತ್ತು, ಅತ್ತಿ.”

“ನಿನ್ನ ಮಾತು ಅವರು ಓದಿದ್ರೇನು?”

ನಾನು ಉತ್ತರದ ಮೊದಲ ಸಾಲನ್ನು ಆಕೆಯ ಆ ಪ್ರಶ್ನೆಯಿಂದಲೇ ಶುರುಮಾಡಿದೆ.