ಅಕ್ಕನ ಉಲ್ಟಾ ಹೆಣಿಗೆ

ನೆರೆಮನೆಯ ಅಕ್ಕನ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಮನೆಯ ಮಾಡಿಗೆ ಹೊದಿಸುವ ತೆಂಗಿನ ಗರಿ, ಮಡಲು, ಹೆಣೆದು ಹೆಣೆದು ಆದ ಸೀಳು ಅದು. ಹತ್ತಿರ ಕುಳಿತರೆ ನೀರಲ್ಲಿ ನೆನೆಹಾಕಿದ ಮಡಲಿನ ವಾಸನೆ. ಎಡಚಿಯಾದ್ದರಿಂದ ಅವಳ ಹೆಣಿಗೆಯೇ ಉಲ್ಟಾ: ನಾವೆಲ್ಲ ಮೇಲೆ ತರುವ ಎಸಳನ್ನು ಅವಳು ಅಡಿಗೆ ಹಾಕುತ್ತಿದ್ದಳು. ಆದರೂ ಅದರಲ್ಲಿ ಸೂಜಿ ತೂರುವಷ್ಟು ಸಂದು ಇರುತ್ತಿರಲಿಲ್ಲ.

ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಹೊಟ್ಟೆಕಿಚ್ಚು. ಪಣಂಬೂರಿಗೆ ಬಂದರು ಬರುವ ಮೊದಲು, ಅಲ್ಲಿ ಬರೀ ಕಾಲು ಹುಗಿಯುವ ಕಡಲದಂಡೆಯ ಹೊಯಿಗೆ ಮತ್ತು ನಮ್ಮ ಮೀನುಗಾರರ ಮಡಲಿನ ಮನೆಗಳಿದ್ದಾಗ, ನಾನು ಮದುವೆಯಾಗಿ ಹೋದವಳು. ತವರಿನಲ್ಲಿ ಮಡಲು ಹೆಣೆಯುವುದರಲ್ಲಿ ನಾನೇ ಮುಂದು. ಇಲ್ಲಿ ನೋಡಿದರೆ ಅತ್ತೆಯ ಬಾಯಲ್ಲಿ ದಿನವಿಡೀ ಅವಳದೇ ಜಪ. ನಾನು ಹೆಣೆದದ್ದನ್ನು ಅಕ್ಕ ಬೆಳಕಿಗೆ ಹಿಡಿದು ಒಂದೇ ಮಾತು ಹೇಳುತ್ತಿದ್ದಳು: "ಬಿಚ್ಚು ಮಾರಾಯ್ತಿ. ಮಳೆ ನಿನ್ನನ್ನು ಕೇಳಿ ಬರ್ತದಾ?" ನಾನು ಹಲ್ಲು ಕಚ್ಚಿ ಬಿಚ್ಚುತ್ತಿದ್ದೆ.

ಚೊಚ್ಚಲ ಮಗಳಿಗೆ ಹನ್ನೊಂದು ದಿನವಾಗಿದ್ದಾಗ, ಮಳೆಗಾಲಕ್ಕೆ ಸ್ವಲ್ಪ ಮೊದಲು, ಆ ಬಿರುಗಾಳಿ ಬಂತು. ಒಂದೇ ಮಧ್ಯಾಹ್ನದಲ್ಲಿ ಮನೆಗಳ ಮಾಡುಗಳೆಲ್ಲ ಹಾರಿಹೋದವು, ದೋಣಿಗಳು ಮರಕ್ಕೆ ಬಡಿದು ಒಡೆದವು. ಎಲ್ಲರೂ ಶಾಲೆಯ ಜಗಲಿ ಸೇರಿದೆವು. ಗಂಡಸರು ದೋಣಿ ಸರಿಮಾಡಲು ಹೋದರು. ಕೂಸಿಗೆ ಶೀತ ಹಿಡಿದು ಎದೆ ಗೊರಗೊರ ಎನ್ನುತ್ತಿತ್ತು. ಮಳೆ ಹಿಡಿಯುವ ಮೊದಲು ಅದರ ತಲೆಯ ಮೇಲೊಂದು ಮಾಡು ಬೇಕಿತ್ತು. ಬಾಣಂತಿಯಾದ ನನ್ನನ್ನು ಅತ್ತೆ ಮಡಲು ಮುಟ್ಟಲು ಬಿಡಲಿಲ್ಲ. ಅಕ್ಕ ಮಾತ್ರ ಬಿದ್ದ ಮರಗಳ ಮಡಲು ಎಳೆತಂದು ಶಾಲೆಯ ಅಂಗಳದಲ್ಲಿ ಹೆಣೆಯುತ್ತಲೇ ಇದ್ದಳು. ಅವಳ ಮನೆಯೇ ಮೊದಲು ಏಳುತ್ತದೆ ಎಂದು ಎಲ್ಲರೂ ಹೊಗಳುವಾಗ ನನ್ನ ಮೈ ಉರಿಯಿತು.

"ನಿನಗೆಂತ ಅಕ್ಕ, ಮಡಿಲಲ್ಲಿ ಮಗು ಉಂಟಾ? ಎರಡೂ ಕೈ ಖಾಲಿ" ಎಂದುಬಿಟ್ಟೆ. ಅವಳಿಗೆ ಮಕ್ಕಳಾಗಿರಲಿಲ್ಲ.

ಅಕ್ಕ ತಲೆಯೆತ್ತಲಿಲ್ಲ. "ಹೌದು ಮಾರಾಯ್ತಿ, ಅದಕ್ಕೇ ಬೇಗ ಆಗ್ತದೆ" ಎಂದಳು.

ಐದನೆಯ ದಿನ ಗಂಡ ನಮ್ಮನ್ನು ಮನೆಗೆ ಕರೆದೊಯ್ದರು. ಮಾಡು ಹೊಸದಾಗಿತ್ತು. ಯಾರು ಹೆಣೆದದ್ದು ಎಂದರೆ "ಊರವರು" ಎಂದರು. ಮರುದಿನವೇ ಮಳೆ ಹಿಡಿಯಿತು. ತೊಟ್ಟಿಲ ಪಕ್ಕ ಮಲಗಿ ಮೇಲೆ ನೋಡಿದೆ. ಒಂದು ಹನಿ ಇಳಿದಿರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಒಂದೊಂದು ಮಡಲೂ ಉಲ್ಟಾ ಹೆಣೆದದ್ದು. ಕಿಟಕಿಯಾಚೆ ಅಕ್ಕನ ಮನೆಗೆ ಇನ್ನೂ ಮಾಡಿನ ಬದಲು ಹಳೆಯ ಹಾಯಿಬಟ್ಟೆಯನ್ನೇ ಕಟ್ಟಿದ್ದರು.

ನಾಚಿಕೆಯಾಯಿತು, ನಿಜ. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಒಳ್ಳೆಯತನದಲ್ಲೂ ಇವಳೇ ಮುಂದಿರಬೇಕೇ? ತಪ್ಪಾಯಿತು ಎನ್ನಲು ಹೋದರೆ, ಮಾತು ಮುಗಿಸಲು ಬಿಡದೆ "ಮಗುವನ್ನು ಇಲ್ಲಿ ಕೊಡು" ಎಂದು ಎತ್ತಿಕೊಂಡಳು. ಶೀತ ಬಿಟ್ಟು ಎದೆ ತಿಳಿಯಾಗಿದ್ದರೂ ಅಳುತ್ತಿದ್ದ ಮಗಳು ಅವಳ ತೋಳಲ್ಲಿ ತಟ್ಟನೆ ಅಳು ನಿಲ್ಲಿಸಿದಳು. ಅದಕ್ಕೂ ನನಗೆ ಹೊಟ್ಟೆಯುರಿ.

ಬಂದರಿಗಾಗಿ ಜಾಗ ಬಿಟ್ಟುಕೊಟ್ಟಾಗ ನಾವು ಉರ್ವಕ್ಕೆ ಬಂದೆವು, ಅವಳು ಕಾವೂರಿಗೆ ಹೋದಳು. ಕೆಲವು ವರ್ಷಗಳ ನಂತರ ಅಲ್ಲೇ ತೀರಿಕೊಂಡಳು. ಚಟ್ಟಕ್ಕೆ ಹಾಸಲು ಹಸಿ ಮಡಲು ಹೆಣೆಯಬೇಕೆಂದರು. ಹೆಂಚಿನ ಮನೆ ಸೇರಿದ ಹೆಂಗಸರಿಗೆ ಆ ಕೆಲಸ ಮರೆತುಹೋಗಿತ್ತು, ನಾನೇ ಕುಳಿತೆ. ಅವಳ ಹಾಗೆಯೇ, ಎಡಗೈಯಿಂದ ಹೆಣೆದೆ. ಸೊಟ್ಟ ಬಂತು, ನಡುವೆಲ್ಲ ಸಂದು. ಬಿಚ್ಚಿ ಮತ್ತೆ ಹೆಣೆದೆ. ಆಗಲೂ ಸರಿಬರಲಿಲ್ಲ. ಹೊತ್ತಾಯಿತೆಂದು ಯಾರೋ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಹೋದರು. ಬಿಚ್ಚು ಎನ್ನಲು ಅವಳಿರಲಿಲ್ಲ.