ಗುಂಡು ಹೊತ್ತ ಚೀಲ

ಇವತ್ತು ಬೆಳಿಗ್ಗೆ ಮತ್ತೆ ಎಡವಿದೆ. ಅದೇ ಕಾಲು, ಅದೇ ಹೆಬ್ಬೆರಳು, ಅದೇ ಗುಂಡು. ಬಾಲ್ಕನಿಯ ಬಾಗಿಲು ಗಾಳಿಗೆ ಬಡಿದುಕೊಳ್ಳದಿರಲೆಂದು ಒತ್ತುಕೊಟ್ಟು ಇಟ್ಟ ನಾಲ್ಕು ಕಿಲೋ ತೂಕದ ಕಬ್ಬಿಣದ ಗುಂಡು. ಸೊಸೆ ಅಡುಗೆಮನೆಯಿಂದಲೇ "ಪಪ್ಪಾ, ಸಂಭಾಲ್‌ಕೆ" ಎಂದಳು. ಎಡವಿ ಆದಮೇಲೆ ಸಂಭಾಳಿಸುವುದು ಏನನ್ನು, ನೀವೇ ಹೇಳಿ.

ಈ ಗುಂಡಿಗೂ ನನಗೂ ಐವತ್ತು ವರ್ಷ ಮೀರಿದ ವೈರ. ಮುಲುಂಡಿನ ಸಾಲುಕೋಣೆಗಳ ಚಾಳು ಹೋಗಿ ಸೊಸೈಟಿಯ ಫ್ಲ್ಯಾಟು ಬಂತು, ನನ್ನ ಕೂದಲು ಹೋಯಿತು, ಹಲ್ಲು ಹೋದವು, ಇದೊಂದು ಎಲ್ಲಿಗೂ ಹೋಗಲಿಲ್ಲ. ಹಳೆ ಕಬ್ಬಿಣದವನಿಗೆ ಕೊಟ್ಟುಬಿಡೋಣ ಎಂದು ಎಷ್ಟು ಸಲ ಬಾಗಿಲತನಕ ಉರುಳಿಸಿಕೊಂಡು ಹೋಗಿದ್ದೇನೋ. ಕೊಡಲಾಗಿಲ್ಲ. ಇದರ ನಿಜವಾದ ಒಡತಿ, ನನ್ನ ತಂಗಿ ನೀಲಾ, ವಿಲೆ ಪಾರ್ಲೆಯಲ್ಲಿದ್ದಾಳೆ. ಪ್ರತಿವರ್ಷ ಮಹಾನವಮಿಯ ದಿನ ಫೋನ್ ಮಾಡಿ "ಅಣ್ಣಾ, ಗುಂಡ ತೊಳದು ಪೂಜಾಕ್ಕ ಇಟ್ಟಿ?" ಎಂದು ಕೇಳುತ್ತಾಳೆ. ಅಷ್ಟು ಅಕ್ಕರೆಯಿದ್ದರೆ ತನ್ನ ಮನೆಗೇ ಒಯ್ಯಬಾರದೇ? ಒಯ್ಯುವುದಿಲ್ಲ. ಅದನ್ನು ಎಡವುವ ಕೆಲಸ ಮೊದಲಿನಿಂದಲೂ ನನ್ನದು. ಇವತ್ತೂ ನವಮಿ. ಎಂಟು ಗಂಟೆಯಾದರೆ ಫೋನು ಬರುತ್ತದೆ.

ನೀಲಾ ಆಟಗಾರ್ತಿಯಾಗಿದ್ದಳು. ಹಾಗೆಂದರೆ ಜನ ಯಾವ ಆಟ ಎಂದು ಕೇಳುತ್ತಾರೆ, ಅಲ್ಲಿಂದಲೇ ನನ್ನ ತಲೆನೋವು ಶುರು. ಒಂದು ಆಟವಾಗಿದ್ದರೆ ಹೇಳಬಹುದಿತ್ತು, ಸಹಿಸಲೂಬಹುದಿತ್ತು. ಅವಳದ್ದು ಐದು. ಹರ್ಡಲ್ಸ್, ಗುಂಡು ಎಸೆತ, ಎತ್ತರ ಜಿಗಿತ, ಉದ್ದ ಜಿಗಿತ, ಇನ್ನೂರು ಮೀಟರ್ ಓಟ. ಐದನ್ನೂ ಎರಡು ದಿನದಲ್ಲಿ ಮುಗಿಸಿ, ಐದರ ಅಂಕಗಳನ್ನೂ ಕೂಡಿಸಿ ಯಾರು ಮೇಲು ಎಂದು ನೋಡುತ್ತಾರೆ. ಪೆಂಟಾಥ್ಲಾನ್ ಎನ್ನುತ್ತಾರಂತೆ. ಎಪ್ಪತ್ತರ ಆಚೀಚೆಯ ಆ ದಿನಗಳಲ್ಲಿ ನಮ್ಮ ಚಾಳಿನಲ್ಲಿ ಆ ಶಬ್ದವನ್ನು ಉಚ್ಚರಿಸಬಲ್ಲವರು ನಾವಿಬ್ಬರೇ ಇದ್ದೆವು, ಅದರಲ್ಲಿ ನನ್ನ ಉಚ್ಚಾರ ತಪ್ಪು.

ಚಾಳಿನ ಗ್ಯಾಲರಿಯಲ್ಲಿ ನಳಕ್ಕೆ ಹಚ್ಚಿದ ಬಕೆಟ್ಟುಗಳ ಸಾಲು ಅವಳಿಗೆ ಹರ್ಡಲ್ಸ್ ಆಯಿತು. ಹಿಂದಿನ ಗಟಾರದ ಮೇಲೆ ಉದ್ದ ಜಿಗಿತ. ಬಟ್ಟೆ ಒಣಹಾಕುವ ಬಿದಿರಿನ ಕೋಲು ಎತ್ತರ ಜಿಗಿತಕ್ಕೆ. ಒಮ್ಮೆ ಆ ಕೋಲು ಪಕ್ಕದ ಖೋಲಿಯ ಕಾಕೂ ಅವರ ಒಂಬತ್ತು ಗಜದ ಸೀರೆಯ ಸಮೇತ ನೆಲಕ್ಕೆ ಬಂತು. ಗುಂಡು ಬಿದ್ದ ಕಡೆಯಲ್ಲೆಲ್ಲ ಅಂಗಳದಲ್ಲಿ ಕುಳಿ. ತಕರಾರು ತಂದವರು ಅವಳ ಹತ್ತಿರ ಹೋಗುತ್ತಿರಲಿಲ್ಲ, ನಾನು ಆಫೀಸಿನಿಂದ ಬರುವುದನ್ನೇ ಕಾಯುತ್ತಿದ್ದರು. ನಾನು ಬೂಟು ಬಿಚ್ಚುವ ಮೊದಲೇ ಕ್ಷಮೆ ಕೇಳಲು ಶುರುಮಾಡುತ್ತಿದ್ದೆ.

"ಐದರಾಗ ಯಾವದರ ಒಂದು ಹಿಡಕೋ ಮಾರಾಯ್ತಿ" ಎಂದು ಒಂದು ದಿನ ಕೈಮುಗಿದೆ. ಅವಳು ಮೊಳಕಾಲಿಗೆ ಎಣ್ಣೆ ತಿಕ್ಕುತ್ತ ಸಾವಕಾಶ ಹೇಳಿದಳು: "ಅಣ್ಣಾ, ಒಂದೊಂದರಾಗ ನನಗಿಂತ ಛಲೋ ಇದ್ದವರು ಭಾಳ ಮಂದಿ ಅದಾರ. ಐದರಾಗ ನನ್ನಂಗ ಯಾರೂ ಇಲ್ಲ." ಹದಿನೆಂಟರ ಹುಡುಗಿ. ಇಷ್ಟು ಧಿಮಾಕು ಎಲ್ಲಿಂದ ಬಂತೋ!

ನಮ್ಮದು ವಿಜಾಪುರದ ಕಡೆಯ ಮನೆತನ. ಅಪ್ಪ ಮುಲುಂಡಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ನಾನು ಫೋರ್ಟಿನ ಆಫೀಸೊಂದರಲ್ಲಿ ಗುಮಾಸ್ತನಾದ ವರ್ಷವೇ ತೀರಿಕೊಂಡ. ಅವ್ವ ಹೊಲಿಗೆ ಮಷಿನ್ ಇಟ್ಟುಕೊಂಡು ಚಾಳಿನವರ ಬಟ್ಟೆ ಹೊಲಿಯುತ್ತಿದ್ದಳು. ಮಗಳ ಆಟ ಅವಳಿಗೆ ಕಣ್ಣಿಗೆ ಬಿದ್ದ ಕಸ. ಬೇಡ ಎನ್ನಲಿಲ್ಲ, ಆದರೆ ಒಂದು ಷರತ್ತು ಹಾಕಿದಳು: "ಅಣ್ಣ ಜೋಡಿ ಬಂದ್ರ ಹೋಗು. ಇಲ್ಲಂದ್ರ ಮನ್ಯಾಗ ಕೂಡು." ಷರತ್ತು ಅವಳಿಗೆ, ಶಿಕ್ಷೆ ನನಗೆ.

ವಾರಕ್ಕೆ ಮೂರು ಸಂಜೆ, ಮತ್ತೆ ಭಾನುವಾರ. ಮುಲುಂಡಿನಿಂದ ದಾದರ್, ಅಲ್ಲಿ ಸೇತುವೆ ಹತ್ತಿ ಇಳಿದು ಇನ್ನೊಂದು ಲೈನಿನ ಲೋಕಲ್, ಆಮೇಲೆ ವಿಲೆ ಪಾರ್ಲೆ. ಅಲ್ಲಿಯ ಮೈದಾನದಲ್ಲಿ ಒಬ್ಬ ಮರಾಠಿ ಸರ್ ಹುಡುಗಿಯರಿಗೆ ಕಲಿಸುತ್ತಿದ್ದರು. ಮೈದಾನದಲ್ಲಿ ಇದ್ದದ್ದು ಗಂಡಸರ ಭಾರದ ಗುಂಡು ಮಾತ್ರ. ಆದ್ದರಿಂದ ಅಪ್ಪನ ಜೊತೆಯವರೊಬ್ಬರು ಲೇಥಿನ ಮೇಲೆ ಕಡೆದುಕೊಟ್ಟ ನಮ್ಮ ಗುಂಡು ಪ್ರತಿಸಲ ನಮ್ಮ ಜೊತೆ ಪ್ರಯಾಣ ಮಾಡಬೇಕು. ಖಾಕಿ ಕ್ಯಾನ್ವಾಸಿನ ದಪ್ಪ ಚೀಲವೊಂದನ್ನು ಅವ್ವ ಅದಕ್ಕೆಂದೇ ಹೊಲಿದಳು. ನೀಲಾ ಹೆಂಗಸರ ಡಬ್ಬಿಯಲ್ಲಿ ಕೈಬೀಸಿಕೊಂಡು ಹೋಗುವಳು. ಚೀಲ ನನ್ನ ಬಲಗೈಯಲ್ಲಿ, ಗಂಡಸರ ಗರ್ದಿಯಲ್ಲಿ. ಒಮ್ಮೆ ಒಬ್ಬ ಮಹಾಶಯ ಕೂಡಲು ಜಾಗ ಮಾಡಿಕೊಳ್ಳುವ ಅವಸರದಲ್ಲಿ ಚೀಲವನ್ನು ಎತ್ತಿ, ತಡೆಯಲಾರದೆ ತನ್ನ ಪಾದದ ಮೇಲೇ ಬಿಟ್ಟುಕೊಂಡ. "ಬಾಪರೇ! ಕ್ಯಾ ಹೈ ಇಸ್‌ಮೆ?" ಎಂದು ಕೂಗಿದ. "ಬಹೆನ್ ಕಾ ಹೈ" ಎಂದೆ. ಇಡೀ ಡಬ್ಬಿ ನನ್ನನ್ನು ನೋಡಿತು. ಕುರ್ಲಾ ಬರುವತನಕ ನನ್ನ ಸುತ್ತ ಒಂದು ಗೇಣು ಜಾಗ ಖಾಲಿ ಉಳಿಯಿತು.

ಆ ಹೊತ್ತಿಗೆ ನನ್ನ ಗೆಳೆಯರು ಸಿನೆಮಾ ನೋಡುತ್ತಿದ್ದರು, ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಕೂತು ಮಸಾಲೆ ದೋಸೆ ತಿನ್ನುತ್ತಿದ್ದರು. ನಾನು ಮೈದಾನದ ಕಟ್ಟೆಯ ಮೇಲೆ ಕೂತು ಸೊಳ್ಳೆ ಹೊಡೆಯುತ್ತಿದ್ದೆ. ಹೀಗೆ ನಾಲ್ಕು ವರ್ಷ. ಎರಡು ಸಲ ರಾಜ್ಯ ತಂಡದ ಆಯ್ಕೆಗೆ ಹೋಗಿ ಎರಡೂ ಸಲ ಕೂದಲೆಳೆಯ ಅಂತರದಲ್ಲಿ ಅವಕಾಶ ಕಳೆದುಕೊಂಡಳು. ಮೂರನೆಯ ಸಲದ ಆಯ್ಕೆ ಗೊತ್ತಾದಾಗ ನಾನು ಹೇಳಿಯೇಬಿಟ್ಟೆ: "ಇದ ಕಡೀದು ನೋಡು ನೀಲಾ. ಈ ಸಲ ಆರಿಸ್ಲಿಲ್ಲಂದ್ರ ನಾ ಇನ್ನ ಬರೂದಿಲ್ಲ." ನಾನು ಬರದಿದ್ದರೆ ಅವ್ವ ಕಳಿಸುವುದಿಲ್ಲ. ಅವ್ವ ಕಳಿಸದಿದ್ದರೆ ಆಟ ಮುಗಿಯಿತು. ಅವಳು "ಹೂಂ" ಎಂದಳು, ಅಷ್ಟೇ. ಹೇಳಿದ್ದಕ್ಕೆ ನನಗೆ ಒಳಗೊಳಗೇ ಕೆಟ್ಟೆನಿಸಿತು, ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಆಯ್ಕೆಯನ್ನು ಇಟ್ಟುಕೊಂಡದ್ದು ಯಾವಾಗ ಅಂತೀರಿ? ಮಹಾನವಮಿ, ವಿಜಯದಶಮಿ ಎರಡು ದಿನ. ಹಬ್ಬಕ್ಕೆ ಮೈದಾನ ಖಾಲಿ ಇರುತ್ತದಂತೆ. ಹಬ್ಬಕ್ಕೆ ಜನ ಮನೆಯಲ್ಲಿರುತ್ತಾರೆ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ನವಮಿಯ ಬೆಳಿಗ್ಗೆ ನಾನು ಏಳುವುದರೊಳಗೆ ಅವ್ವ ಖಂಡೇಪೂಜೆ ಮುಗಿಸಿದ್ದಳು. ನಮ್ಮಲ್ಲಿ ಅವತ್ತು ದುಡಿಯುವ ಸಾಮಾನುಗಳನ್ನೆಲ್ಲ ದೇವರ ಮುಂದಿಟ್ಟು ಪೂಜೆ ಮಾಡುತ್ತಾರೆ. ಒಮ್ಮೆ ಇಟ್ಟಮೇಲೆ ದಶಮಿಯ ಬೆಳಿಗ್ಗೆ ಪೂಜೆ ಮಾಡಿ ತೆಗೆಯುವತನಕ ಮುಟ್ಟುವಂತಿಲ್ಲ. ಉಳಿದವರಿಗೆ ಇದು ಪದ್ಧತಿ, ಅವ್ವನಿಗೆ ಭಯ. ಅಪ್ಪ ಒಂದು ನವಮಿಯ ದಿನ ಫೋರ್‌ಮನ್ ಹೇಳಿಕಳಿಸಿದನೆಂದು ಪೂಜೆಗಿಟ್ಟ, ನಟ್ಟು ಬಿಗಿಯುವ ಪಾನಾ ತೆಗೆದುಕೊಂಡು ಕೆಲಸಕ್ಕೆ ಹೋದ. ಸಂಜೆ ಮನೆಗೆ ಬಂದಾಗ ಬಲಗೈಯ ಎರಡು ಬೆರಳು ಇರಲಿಲ್ಲ. ಮಷಿನ್ ಕೆಟ್ಟಿತ್ತು ಎಂದು ನಾನು ಎಷ್ಟು ಹೇಳಿದರೂ ಅವ್ವ ಕೇಳುತ್ತಿರಲಿಲ್ಲ.

ಎದ್ದು ನೋಡುತ್ತೇನೆ: ಮಣೆಯ ಮೇಲೆ ಅಪ್ಪನ ಅದೇ ಪಾನಾ, ಪಕ್ಕದಲ್ಲಿ ಅವ್ವನ ಕತ್ತರಿ, ಹೂ ಏರಿಸಿದ ಹೊಲಿಗೆ ಮಷಿನ್, ವಿಭೂತಿ ಬಳಿದುಕೊಂಡ ಗುಂಡು. ಮತ್ತು ನಟ್ಟನಡುವೆ, ತೊಳೆದು ಒರೆಸಿ ಕುಂಕುಮ ಹಚ್ಚಿದ ನೀಲಾಳ ಮೊಳೆಬೂಟು.

ನಾನು ಹೌಹಾರಿದೆ. ಸರ್ ತಮ್ಮ ಹಳೆಯ ಶಿಷ್ಯೆಯೊಬ್ಬಳಿಂದ ಕೊಡಿಸಿದ್ದ ಬೂಟು ಅದು, ಒಂದು ಸೈಜು ದೊಡ್ಡದು, ಮುಂದೆ ಅರಿವೆ ತುರುಕಿ ಹಾಕಿಕೊಳ್ಳಬೇಕು. ಹಿಂದಿನ ದಿನ ಮಳೆಯಾಗಿ ಮೈದಾನವೆಲ್ಲ ರಾಡಿ. ಅದಿಲ್ಲದೆ ಕಾಲು ನಿಲ್ಲುವಂತಿರಲಿಲ್ಲ. ಚರ್ಮದ್ದೆಂದು ನಾಲ್ಕು ವರ್ಷ ಅದನ್ನು ಹೊಸ್ತಿಲು ದಾಟಗೊಡದ ಅವ್ವ, ಕಾಲಬೆರಳಿಂದ ಆಚೆ ಸರಿಸುತ್ತಿದ್ದ ಅವ್ವ, ಗೌರವ ಕೊಡಲಿಕ್ಕೆ ಇದೇ ಮುಹೂರ್ತ ಹುಡುಕಬೇಕೇ?

"ಅವ್ವಾ, ಇವತ್ತ ಆಕೀ ಆಯ್ಕೆ ಐತಿ! ಬೂಟ ಬೇಕು!"

"ಬೇಕಂದ್ರ ಬರಿಗಾಲಲೆ ಓಡ್ಲಿ. ನಿಮ್ಮಪ್ಪನ ಕೈ ಹೋತು. ಈಕೀ ಕಾಲು ಹೋಗೂದು ಬ್ಯಾಡ."

ಕೂಗಾಡಿದೆ. ಕೊನೆಗೆ ಅವ್ವ ಒಲೆಯ ಕಡೆ ತಿರುಗಿದಾಗ ಬೂಟಿಗೆ ಕೈಹಾಕಿದೆ. ನನ್ನ ಮಣಿಕಟ್ಟು ಹಿಡಿದದ್ದು ನೀಲಾ. "ಬ್ಯಾಡಣ್ಣ" ಎಂದಳು ಮೆತ್ತಗೆ. "ನಾಕು ವರ್ಷದಾಗ ಇವತ್ತ ಮೊದಲನೇ ಸಲ ಅವ್ವ ನನ್ನ ಬೂಟಿಗೆ ಕುಂಕುಮ ಹಚ್ಚ್ಯಾಳ. ನಾ ಹ್ಯಾಂಗ ತೆಗೀಲಿ?"

ನನಗೆ ಸಿಟ್ಟು ನೆತ್ತಿಗೇರಿತು. ತಾಯಿಗೆ ತಕ್ಕ ಮಗಳು. ಎಲ್ಲರ ಸಾಮಾನೂ ಪೂಜೆಯಲ್ಲಿದೆ, ನಾಲ್ಕು ವರ್ಷ ಹೊತ್ತು ತಿರುಗಿದ ನನ್ನದು ಮಾತ್ರ ಏನೂ ಇಲ್ಲ ಎಂಬ ಕುದಿಯೂ ಅದರಲ್ಲಿ ಸೇರಿತ್ತು. ಚೀಲ ಯಾವಾಗಲೂ ಇರುವ ಗೂಟದಲ್ಲಿರಲಿಲ್ಲ, ಹೊಲಿಗೆ ಮಷಿನಿನ ಕೆಳಗೆ ಮಡಚಿ ಬಿದ್ದಿತ್ತು. ಸರಕ್ಕನೆ ಎಳೆದುಕೊಂಡೆ. ಒಂದು ಚೆಂಡುಹೂವು ಉರುಳಿತು. ಮಷಿನಿನ ಮೇಲಿಂದ ಬಿದ್ದಿರಬೇಕು ಅಂದುಕೊಂಡೆ. ಅವ್ವ "ತಮ್ಮಾ..." ಎಂದವಳು ಅಲ್ಲಿಗೇ ನಿಂತಳು. "ಇನ್ನೇನು ಹೇಳೂದೈತಿ?" ಎಂದು ಗದರಿದೆ. "ಇವತ್ತಿನ ಮಟ್ಟಿಗೆ ಕರಕೊಂಡು ಹೋಗತೀನಿ. ಇಷ್ಟರ ಮ್ಯಾಲೆ ಒಂದು ಮಾತಾಡಿದ್ರ ಅದೂ ಇಲ್ಲ." ಅವ್ವ ರೊಟ್ಟಿಯ ಗಂಟನ್ನು ಚೀಲದೊಳಗಿಟ್ಟಳು. ಆಮೇಲೆ ನನ್ನ ಕಡೆ ಬೆನ್ನು ತಿರುವಿ ದೇವರ ಮುಂದೆ ಕೂತುಬಿಟ್ಟಳು. ಸಿಟ್ಟಿಗೆ ಎಂದು ತಿಳಿದೆ.

ಮೈದಾನದಲ್ಲಿ ಸರ್ ಅವಳ ಕಾಲು ನೋಡಿ, "ಅರೇ, ಬೂಟ್ ಕುಠೆ?" ಎಂದರು. ಕಾರಣ ಹೇಳಿದೆ. ಈಗ ಇವರಾದರೂ ಬೈಯುತ್ತಾರೆ ಎಂದು ಆಸೆಯಿಂದ ಕಾದೆ. ಅವರು ಹಣೆ ಒರೆಸಿಕೊಂಡು, "ಮಾಝಂ ಸ್ಟಾಪ್‌ವಾಚ್ ಪಣ ಘರೀಚ ಆಹೆ, ಪೂಜೇತ" ಎಂದರು. ಅವರ ಗಡಿಯಾರವೂ ಮನೆಯಲ್ಲಿ ಪೂಜೆಗೆ ಕೂತಿತ್ತು! ಇಂಥವರ ನಡುವೆ ನಾನು ಯಾರಿಗೆ ಬುದ್ಧಿ ಹೇಳಲಿ?

ಬರಿಗಾಲಿನಲ್ಲೇ ಆಡಿದಳು. ಹರ್ಡಲ್ಸಿನಲ್ಲಿ ಜಾರಿ ಮೊಳಕಾಲು ತರಚಿತು. ಎತ್ತರ ಜಿಗಿತದಲ್ಲಿ ತಾನು ದಿನಾ ಹಾರುವ ಎತ್ತರಕ್ಕೇ ಸೋತಳು. ಆಯ್ಕೆಯವರೇ ತಂದಿದ್ದ ಹೆಂಗಸರ ಗುಂಡು ಮಾತ್ರ ಹೇಗೋ ದೂರ ಹೋಯಿತು. ಸಂಜೆಗೆ ಐದನೆಯವಳು. ಆರಿಸುವುದು ಇಬ್ಬರನ್ನು. ಚೀಲ ಹೊತ್ತು ನಾನು ಮುಂದೆ, ಕುಂಟುತ್ತ ಅವಳು ಹಿಂದೆ, ಮನೆಗೆ ಬಂದೆವು.

ಅವ್ವ ಬಾಗಿಲಲ್ಲೇ ನಿಂತಿದ್ದಳು. ಮಗಳ ಮೊಳಕಾಲು ನೋಡುವ ಮೊದಲು ನನ್ನ ಎರಡೂ ಕೈ ಹಿಡಿದು ಹಿಂದೆ ಮುಂದೆ ತಿರುವಿ ನೋಡಿದಳು. "ಏನ ಭವಿಷ್ಯ ಹೇಳಾಕತ್ತೀ?" ಎಂದು ಕೈ ಕಿತ್ತುಕೊಂಡೆ. "ತೊಳಕೊಂಡು ಊಟಕ್ಕ ಬಾ" ಎಂದಳು.

ದಶಮಿಯ ದಿನ ಬೆಳಗಾಗುವ ಮುಂಚೆಯೇ ಪೂಜೆ ಮಾಡಿ, ಬೂಟು ತೆಗೆದು, ತಾನೇ ಅರಿವೆ ತುರುಕಿ ಮಗಳ ಕೈಗೆ ಕೊಟ್ಟಳು. ಆಮೇಲೆ ಇದ್ದಕ್ಕಿದ್ದಂತೆ ಸೆರಗು ಹೊದ್ದು, "ನಾನೂ ಬರತೀನಿ" ಎಂದಳು. ಬಂದಳಷ್ಟೇ ಅಲ್ಲ, ನನ್ನ ಕೈಯಿಂದ ಚೀಲ ಕಸಿದುಕೊಂಡಳು. ದಾದರಿನ ಸೇತುವೆಯ ಮೇಲೂ ಬಿಡಲಿಲ್ಲ, ಮೈದಾನದಲ್ಲಿ ದಿನವಿಡೀ ತೊಡೆಯ ಮೇಲಿಂದ ಕೆಳಗಿಡಲಿಲ್ಲ. ಎಷ್ಟು ಬೇಡಿದರೂ "ನಿಂಗ್ಯಾಕ? ನಾ ಹಿಡೀತೀನಿ" ಎಂದು ಒಂದೇ ಹಟ. ಜನರೆದುರು ಮುದುಕಿಯ ಕೈಗೆ ಚೀಲ ಹೊರಿಸಿದ ಮಗನಾಗಿ ನಾನು ಕೂತೆ.

ನೀಲಾ ಉದ್ದ ಜಿಗಿತಕ್ಕೆ ಓಡಿಬಂದು ಮರಳಿಗೆ ಬಿದ್ದಾಗ ಅವ್ವ, "ಇಷ್ಟ ಹಾರಾಕ ಅಷ್ಟ ದೂರಿಂದ ಓಡಿ ಬರಬೇಕೇನ?" ಎಂದಳು. ಅಳತೆಪಟ್ಟಿ ಹಿಡಿದವರು ಎರಡು ಸಲ ಅಳೆದರು. ಅವಳು ಅಷ್ಟು ಹಿಂದೆಂದೂ ಹಾರಿರಲಿಲ್ಲ. ಮಧ್ಯಾಹ್ನದ ಇನ್ನೂರು ಮೀಟರಿನಲ್ಲಿ ಅವಳು ತಿರುವು ದಾಟಿ ನಮ್ಮೆದುರು ಬಂದಾಗ ನಾನು ಎದ್ದು ನಿಂತು ಏನೇನು ಕೂಗಿದೆನೋ, ಮರುದಿನ ಆಫೀಸಿನಲ್ಲಿ ಗಂಟಲೇ ಇರಲಿಲ್ಲ. ಅಂಕ ಕೂಡಿಸಿದರು. ಎರಡನೆಯವಳು. ಸರ್ ಓಡಿಬಂದು ನನ್ನ ಕೈ ಕುಲುಕಿದರು. ನೀಲಾ ಬಂದು ರಾಡಿಯ ಕಾಲಲ್ಲೇ ಅವ್ವನ ಕಾಲಿಗೆ ಬಿದ್ದಳು. ಅವ್ವ ಸೆರಗಿನ ಗಂಟು ಬಿಚ್ಚಿ ಬನ್ನಿಯ ಎಲೆ ಅವಳ ಕೈಯಲ್ಲಿಟ್ಟು, "ಬಂಗಾರದಂಗ ಇರು" ಎಂದಳು. ನಾನು ಕಣ್ಣಿಗೆ ಧೂಳು ಬಿತ್ತೆಂದೆ. ಮಳೆಯಾದ ಮೈದಾನದಲ್ಲಿ ಧೂಳು ಎಲ್ಲಿಂದ ಬರಬೇಕು!

ಆಮೇಲೆ ಅವಳು ಬೆಳೆದಳು. ಊರೂರು ತಿರುಗಿದಳು, ಪದಕ ತಂದಳು, ಮುಂದೆ ಶಾಲೆಯಲ್ಲಿ ಮಕ್ಕಳಿಗೆ ಓಡಲು ಕಲಿಸಿದಳು. ಅವ್ವ ಹೋಗಿ ಎಷ್ಟೋ ವರ್ಷವಾಯಿತು.

ಎಂಟಕ್ಕೆ ಸರಿಯಾಗಿ ಫೋನು ಬಂತು. "ಅಣ್ಣಾ, ಗುಂಡ ಪೂಜಾಕ್ಕ ಇಟ್ಟಿ?"

ಹೆಬ್ಬೆರಳು ಇನ್ನೂ ಸಿಡಿಯುತ್ತಿತ್ತು. "ಇಡತೀನಿ ತಾಯಿ. ನಿನ್ನ ಗುಂಡು, ಅಪ್ಪನ ಪಾನಾ, ಅವ್ವನ ಕತ್ತರಿ, ಎಲ್ಲಾ ಇಡತೀನಿ. ನಂದೇನು ಇಡ್ಲಿ? ಅವ್ವರೆ ನಂದೇನರ ಇಟ್ಟಿದ್ಲೇನು?"

ಅತ್ತ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು. ಆಮೇಲೆ ನೀಲಾ ಹೇಳಿದಳು: "ಇಟ್ಟಿದ್ಲು. ಆ ವರ್ಷ ಚೀಲಾ ಇಟ್ಟಿದ್ಲು. ಮಷಿನ್ ಕೆಳಗ, ಹೂವಾ ಏರಿಸಿ. ನೀ ಸಿಟ್ಟಿಲೆ ಎತ್ತಿಕೊಂಡು ಹೊಂಟಿ."

"ಮತ್ತ ಯಾಕ ತಡೀಲಿಲ್ಲ?"

"ತಡದಿದ್ರ ನೀ ಬರತಿದ್ದಿಲ್ಲ. ನೀ ಬರಲಿಲ್ಲಂದ್ರ ನಾ ಹೋಗತಿದ್ದಿಲ್ಲ. ಅವ್ವ ನನಗ ಸುಮ್ನಿರು ಅಂತ ಕಣ್ಣಸನ್ನಿ ಮಾಡಿದ್ಲು. ಆಮ್ಯಾಲೆ ಆಣಿ ಹಾಕಿಸಿದ್ಲು, ಅಂವಗ ಹೇಳಬ್ಯಾಡ, ಹೆದರತಾನ ಅಂತ."

ಫೋನು ಇಟ್ಟು ಸ್ಟೂಲು ಹತ್ತಿದೆ. ಅಟ್ಟದ ಮೂಲೆಯಲ್ಲಿ ಹಳೆ ಕಾಗದಪತ್ರ ತುಂಬಿಕೊಂಡು ಚೀಲ ಇತ್ತು. ಕಾಗದ ಸುರುವಿ, ಕೊಡವಿ, ಒರೆಸಿ, ದೇವರ ಮುಂದೆ ಗುಂಡಿನ ಪಕ್ಕದಲ್ಲಿ ಮಡಚಿಟ್ಟೆ. ಮೇಲೊಂದು ಚೆಂಡುಹೂವು. ಸೊಸೆ ಬಂದು, "ಪಪ್ಪಾ, ಮಾರ್ಕೆಟ್ಟಿಗೆ ಆ ಚೀಲ ಚಲೋ ಐತಿ, ಕೊಡ್ರಿ" ಎಂದಳು. "ನಾಳೆ ಮುಂಜಾನೆತನಕ ಯಾರೂ ಮುಟ್ಟಂಗಿಲ್ಲ" ಎಂದೆ. ಇಷ್ಟು ವರ್ಷ ಇದನ್ನೆಲ್ಲ ಅಣಕಿಸಿದ ಮಾವನ ಬಾಯಿಂದ ಬಂದ ಮಾತಿಗೆ ಅವಳು ಕಣ್ಣರಳಿಸಿದಳು.

ಕೆಳಗೆ ಕೂತವನಿಗೆ ಬೇಗ ಏಳಲಾಗಲಿಲ್ಲ. ಎರಡೂ ಕೈ ಮುಂದೆ ಹಿಡಿದು, ಅವ್ವ ಅವತ್ತು ಬಾಗಿಲಲ್ಲಿ ನೋಡಿದ ಹಾಗೆ, ಹಿಂದೆ ಮುಂದೆ ತಿರುವಿ ನೋಡಿಕೊಂಡೆ. ಹತ್ತೂ ಬೆರಳು ಇವೆ, ಅವ್ವಾ.