ಯರೇಲಿಗೆ ಅಳು ಬಿಡಿಸಿದ್ದು

ದೆಲ್ಫಿನಾಳ ಮಗಳು ಯರೇಲಿ ಹುಟ್ಟಿದ್ದೇ ಕಿರುಚುತ್ತಾ. ಹಾಲು ಕೊಂಚ ಬಿಸಿಯಾದರೆ ಅಳು, ದೀಪ ಹಾಕಿದರೆ ಅಳು, ಹೊಸಬರು ಎತ್ತಿಕೊಂಡರೆ ಮೈಯನ್ನು ಬಿಲ್ಲಿನಂತೆ ಬಗ್ಗಿಸಿ ಅಳು. ಅದೇ ತಿಂಗಳು ನಾದಿನಿಗೆ ಹುಟ್ಟಿದ ಗಂಡುಮಗುವೋ, ಸಲೀನಾಸ್ ಊರಿನ ಆ ಕೂಡುಮನೆಗೆ ಯಾರು ಬಂದು ಎತ್ತಿಕೊಂಡರೂ ನಗುತ್ತಿತ್ತು.

ಮೊದಮೊದಲು ಅತ್ತೆ ಕಸಿಲ್ದಾ ದೃಷ್ಟಿಯಾಗಿದೆ ಎಂದಳು. ಮಗುವಿನ ಕೈಗೆ ಕೆಂಪು ದಾರ ಕಟ್ಟಿದಳು. ಮೈಮೇಲೆಲ್ಲ ಮೊಟ್ಟೆ ಆಡಿಸಿ ನೀರಿನ ಲೋಟಕ್ಕೆ ಒಡೆದು ಹಾಕಿದಳು. ಅಳು ನಿಲ್ಲಲಿಲ್ಲ.

"ದೃಷ್ಟಿಯೂ ಅಲ್ಲ, ಮಣ್ಣೂ ಅಲ್ಲ. ನಿಮ್ಮ ಕಡೆ ರಕ್ತ ಕಣೇ ಇದು. ನಮ್ಮನೇಲಿ ಯಾರೂ ಹೀಗೆ ಊಳಿಡಲ್ಲ."

ಗಂಡ ಎವರಿಸ್ತೋ ತಟ್ಟೆಯಿಂದ ತಲೆ ಎತ್ತಲಿಲ್ಲ.

ದೆಲ್ಫಿನಾ ಮತ್ತೆ ಲೆಟ್ಯೂಸ್ ಸೊಪ್ಪು ಕೊಯ್ಯುವ ಕೆಲಸಕ್ಕೆ ಹೋಗತೊಡಗಿದ ಮೇಲೆ ಮಗು ಅತ್ತೆಯ ಕೈಗೆ ಸಿಕ್ಕಿತು. ದೊಡ್ಡವರ ಮುಂದೆ ತಗ್ಗಿ ನಡೆಯದ ಮಕ್ಕಳಿಂದ ಮನೆತನದ ಮಾನ ಹೋಗುತ್ತದೆ ಎಂದು ನಂಬಿದವಳು ಅವಳು. ಯರೇಲಿ ಅತ್ತರೆ ಬಟ್ಟೆ ಒಗೆಯುವ ಕೋಣೆಯೊಳಗೆ ಬಿಟ್ಟು ಬಾಗಿಲೆಳೆಯುತ್ತಿದ್ದಳು. ಒಳಗೆ ಸದ್ದಡಗಿದ ಮೇಲೆ ಎತ್ತಿ ಮುದ್ದಿಸಿ, ಬಾಯಿಗೆ ಸಿಹಿ ಬ್ರೆಡ್ಡು ಇಡುತ್ತಿದ್ದಳು. ನಡೆಯಲು ಕಲಿಯುವ ಹೊತ್ತಿಗೆ ಯರೇಲಿ, ಅಳು ಬಂದರೆ ತನ್ನ ಮುಂಗೈಯನ್ನು ತಾನೇ ಕಚ್ಚಿಕೊಳ್ಳುವುದನ್ನೂ ಕಲಿತಿದ್ದಳು.

"ಅತ್ತೇ, ಕೈಮೇಲೆಲ್ಲ ಹಲ್ಲಿನ ಗುರುತು..."

"ಇರ್ಲಿ ಬಿಡೇ. ಸದ್ದು ಬರ್ತಿದ್ಯಾ? ಇಲ್ವಲ್ಲ!"

ಚರ್ಚಿನ ಬಾಗಿಲಲ್ಲಿ ಹೆಂಗಸರು, "ಎಂಥಾ ಒಳ್ಳೇ ಹುಡುಗೀನ ಬೆಳೆಸಿದೀಯೇ ದೆಲ್ಫಿನಾ!" ಎನ್ನತೊಡಗಿದಾಗ ಅವಳಿಗೂ ಹಿಗ್ಗಾಯಿತು. ಒಂದು ಭಾನುವಾರ, ತಲೆ ಬಾಚುವಾಗ ಯರೇಲಿ ಮುಲುಗಿದಳೆಂದು, ಅವಳನ್ನು ಬಟ್ಟೆ ಒಗೆಯುವ ಕೋಣೆಗೆ ಬಿಟ್ಟು ದೆಲ್ಫಿನಾಳೇ ಬಾಗಿಲೆಳೆದಳು. ಅತ್ತೆ ಮೊದಲ ಸಲ ಸೊಸೆಯ ಬೆನ್ನು ತಟ್ಟಿದಳು.

ನಾದಿನಿಯ ಮಗನ ಮೂರನೇ ಹುಟ್ಟುಹಬ್ಬ ಬಂತು. ಅಂಗಳದಲ್ಲಿ ಮಾಂಸ ಸುಡುತ್ತಿತ್ತು. ಮಕ್ಕಳು ಮಿಠಾಯಿ ತುಂಬಿ ತೂಗುಹಾಕಿದ ಕಾಗದದ ಕತ್ತೆಯನ್ನು ಕೋಲಿನಿಂದ ಬಡಿಯುತ್ತಿದ್ದರು. ಕುರ್ಚಿ ಇಳಿಸುತ್ತಿದ್ದ ಯಾರೋ ವ್ಯಾನಿನ ಬಾಗಿಲನ್ನು ಯರೇಲಿಯ ಬೆರಳ ಮೇಲೆ ಹಾಕಿದರು, ಇನ್ನೊಂದು ಕುರ್ಚಿ ನೆನಪಾಗಿ ಮತ್ತೆ ತೆಗೆದರು, ಕೆಳಗೆ ನೋಡಲೇ ಇಲ್ಲ. ಯರೇಲಿ ಕೈಯನ್ನು ಫ್ರಾಕಿನ ಮಡಿಕೆಯಲ್ಲಿ ಅಡಗಿಸಿಕೊಂಡು ಬಂದು ಅಜ್ಜಿಯ ಪಕ್ಕ ನಿಂತಳು.

"ನೋಡ್ರೇ ನನ್ನ ಮೊಮ್ಮಗಳನ್ನ," ಎಂದಳು ಕಸಿಲ್ದಾ ನೆಂಟರಿಗೆ. "ಅವನು ಮಿಠಾಯಿಗೋಸ್ಕರ ನೆಲದಲ್ಲಿ ಹೊರಳಾಡ್ತಿದಾನೆ. ಇವಳು ಬಾಯಿ ಬಿಟ್ಟಳಾ?"

ಕೇಕು ಹಂಚುವಾಗ ದೆಲ್ಫಿನಾ ಫ್ರಾಕಿಗೆ ಅಂಟಿದ್ದು ಮೆಣಸಿನ ಗೊಜ್ಜೆಂದು ಒರೆಸಲು ಹೋಗಿ ಮಗಳ ಕೈ ಎಳೆದಳು. ಬೆರಳಿನ ತುದಿ ಚರ್ಮಕ್ಕೆ ನೇತಾಡುತ್ತಿತ್ತು.

"ಯಾಕಮ್ಮಾ ಹೇಳ್ಲಿಲ್ಲ?"

ಯರೇಲಿ ಮೊದಲು ಅಜ್ಜಿಯ ಮುಖ ನೋಡಿದಳು. "ನಾನು ಅಳ್ಲಿಲ್ಲ," ಎಂದಳು.

ತುದಿ ಉಳಿಯಲಿಲ್ಲ. ಆಸ್ಪತ್ರೆಯಿಂದ ಮರಳುವಾಗ ಕಸಿಲ್ದಾ, "ಒಂದು ಹನಿ ಕಣ್ಣೀರಿಲ್ಲ ನೋಡು. ಡಾಕ್ಟರೇ ಬೆರಗಾಗ್ಬಿಟ್ರು," ಎಂದು ದಾರಿಯುದ್ದಕ್ಕೂ ಹೇಳಿಕೊಂಡಳು. ದೆಲ್ಫಿನಾ ಆ ವಾರವೇ ಮಗಳನ್ನು ಕರೆದುಕೊಂಡು ಅಕ್ಕನ ಮನೆ ಸೇರಿದಳು. ಎವರಿಸ್ತೋ ತಡೆಯಲೂ ಇಲ್ಲ, ಜೊತೆಗೆ ಹೊರಡಲೂ ಇಲ್ಲ.

ಅಲ್ಲಿ ಅವಳು ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು, "ಅಳು ಕಂದಾ, ಯಾರೂ ಏನೂ ಅನ್ನಲ್ಲ," ಎಂದು ಗೋಗರೆಯುತ್ತಿದ್ದಳು. ಯರೇಲಿ ಮಿಕಿಮಿಕಿ ನೋಡುತ್ತಿದ್ದಳು. ಒಂದು ಮಧ್ಯಾಹ್ನ ದೆಲ್ಫಿನಾ ಸೈರಣೆ ಕಳೆದುಕೊಂಡು ಮಗಳ ತೊಡೆಯನ್ನು ಬಲವಾಗಿ ಚಿವುಟಿದಳು. ಚರ್ಮ ಕೆಂಪಗೆ ಕಂದಿತು. ಯರೇಲಿ ಉಸಿರು ಬಿಗಿಹಿಡಿದಳು. ಆಮೇಲೆ, ಅಮ್ಮನಿಗೆ ಬೇಜಾರಾಗದಿರಲೆಂದು, ನಕ್ಕಳು.

"ನೋವಾಗ್ಲಿಲ್ಲಮ್ಮ," ಎಂದಳು.